ಕಾಲು ಹಿಡಿದುಕೊಂಡರೆ, ಎದೆ ಡವಗುಟ್ಟಿದರೆ: ಎಳನೀರು ಕೆತ್ತಿಸುವ ಮೊದಲು

ವಿರಾಜಪೇಟೆಯ ಒಂದು ಸಣ್ಣ ಲ್ಯಾಬ್‌ನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಿಗ್ಗೆ ಏಳೂವರೆಗೆ ಶಟರ್ ಎತ್ತುವಾಗಲೇ ಮೆಟ್ಟಿಲ ಮೇಲೆ ನಾಲ್ಕೈದು ಜನ ಕೂತಿರುತ್ತಾರೆ. ರೋಬಸ್ಟಾ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವರಲ್ಲಿ ಒಬ್ಬರಾದರೂ ಮೀನಖಂಡ ಉಜ್ಜಿಕೊಳ್ಳುತ್ತಾ ಕೂತಿರುತ್ತಾರೆ.

"ರಾತ್ರಿ ಕಾಲು ಹಿಡ್ಕೊಂಡ್ಬಿಡ್ತದೆ ಅಣ್ಣ. ಎಳನೀರು ಕುಡೀತಾ ಇದ್ದೀನಿ, ಬಾಳೆಹಣ್ಣು ತಿಂತಾ ಇದ್ದೀನಿ. ಆದ್ರೂ ಕಮ್ಮಿ ಆಗ್ಲಿಲ್ಲ."

ಕಮ್ಮಿ ಆಗದಿದ್ದರೆ ಪರವಾಗಿಲ್ಲ. ಅದೇ ಎಳನೀರನ್ನು ದಿನಾ ಎರಡು ಕುಡಿದು ಆಸ್ಪತ್ರೆ ಸೇರಿದವರನ್ನೂ ನೋಡಿದ್ದೇನೆ. ಅವರ ಕಿಡ್ನಿ ಅಷ್ಟು ಹೊತ್ತಿಗೆ ಅರ್ಧ ಸೋತಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಅನ್ನುವ ಖನಿಜ ಜಾಸ್ತಿ, ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಒಬ್ಬರಿಗೆ ಜೀವ ತರುವ ಲೋಟ ಇನ್ನೊಬ್ಬರಿಗೆ ವಿಷ. ಯಾರಿಗೆ ಯಾವುದು ಅನ್ನೋದು ಕಾಲು ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವುದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮದ್ದು ಬರೆಯುವುದು ಅವರ ಕೆಲಸ. ಅವರ ಹತ್ತಿರ ಹೋಗುವಾಗ ನೀವು ಏನು ತಿಳಿದುಕೊಂಡು ಹೋಗಬೇಕು ಅನ್ನುವಷ್ಟು ಮಾತ್ರ ನನಗೆ ಗೊತ್ತು.

ಒಳಗೆ ಏನು ನಡೆಯುತ್ತದೆ

ಸ್ವಲ್ಪ ತಾಳ್ಮೆ ಇರಲಿ. ಇದೊಂದು ಗೊತ್ತಾದರೆ ಮುಂದಿನದೆಲ್ಲ ಸುಲಭ.

ನಮ್ಮ ಮೈಯ ಪ್ರತಿ ಜೀವಕೋಶದ ಗೋಡೆಯಲ್ಲಿ ಸಣ್ಣ ಪಂಪುಗಳಿವೆ. ಒಂದು ಸಲಕ್ಕೆ ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕುತ್ತವೆ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಹಗಲು ರಾತ್ರಿ ಇದೇ ಕೆಲಸ. 1957ರಲ್ಲಿ ಇದನ್ನು ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ ನಲವತ್ತು ವರ್ಷ ಬಿಟ್ಟು, 1997ರಲ್ಲಿ ನೊಬೆಲ್ ಬಂತು. ಈ ಪಂಪಿನಿಂದಾಗಿ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಓಡಾಡುವುದು ಉಳಿದ ಚೂರು. ಸೋಡಿಯಂ ಇದಕ್ಕೆ ಉಲ್ಟಾ, ಹೊರಗೇ ಜಾಸ್ತಿ.

ಒಳಗೂ ಹೊರಗೂ ಇರುವ ಈ ವ್ಯತ್ಯಾಸವೇ ಕರೆಂಟು. ನರ ಸುದ್ದಿ ಕಳಿಸಿದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಸ್ನಾಯು ಬಿಗಿಯುತ್ತದೆ. ಪೊಟ್ಯಾಸಿಯಂ ಹೊರಗೆ ಹೋದಾಗ ಕರೆಂಟು ಮತ್ತೆ ಮೊದಲ ಸ್ಥಿತಿಗೆ ಬರುತ್ತದೆ. ಕ್ಯಾಲ್ಸಿಯಂ ವಾಪಸ್ ಗೂಡು ಸೇರಿದರೆ ಸ್ನಾಯು ಸಡಿಲವಾಗುತ್ತದೆ. ಆ ಸಡಿಲಿಕೆಗೆ ಮೆಗ್ನೀಸಿಯಂ ಬೇಕು. ಕಾಲಿನಲ್ಲಿ ಇದು ನಾವು ನಡೆದಾಗ ನಡೆಯುತ್ತದೆ. ಹೃದಯದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ನಾವು ಕೇಳದೆಯೇ.

ಈ ಉಪ್ಪುಗಳಿಲ್ಲದೆ ಹೃದಯ ಬಡಿಯುವುದಿಲ್ಲ ಅಂತ ಗೊತ್ತಾದದ್ದು ಒಂದು ಅಡ್ಡಾದಿಡ್ಡಿ ಘಟನೆಯಿಂದ. 1880ರ ದಶಕದ ಲಂಡನ್. ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಸುತ್ತಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ನೋಡಿದರೆ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಲಾಗಿತ್ತು! ಶುದ್ಧ ನೀರಿನಲ್ಲಿ ಅದೇ ಉಪ್ಪು ಹಾಕಿದರೆ ಹೃದಯ ಸೋತು ನಿಲ್ಲುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ಆಸ್ಪತ್ರೆಯಲ್ಲಿ "ಆರ್‌ಎಲ್ ಬಾಟ್ಲಿ ಹಾಕಿ" ಅನ್ನುತ್ತಾರಲ್ಲ, ಆ 'ಆರ್' ಈ ರಿಂಗರ್.

ಮೊದಲು ಹಿಡಿದ ಕಾಲು ಬಿಡಿಸಿ

ಮಧ್ಯರಾತ್ರಿ ಮೀನಖಂಡ ಕಲ್ಲಾದಾಗ ಯಾವ ಖನಿಜವೂ ನೆನಪಿಗೆ ಬರುವುದಿಲ್ಲ. ಮಂಡಿ ನೇರ ಮಾಡಿ. ಕಾಲ್ಬೆರಳುಗಳನ್ನು ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಕೈ ಎಟುಕದಿದ್ದರೆ ಎದ್ದು ಗೋಡೆಗೆ ಕೈ ಊರಿ, ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಿ. ಅರ್ಧ ನಿಮಿಷದಲ್ಲಿ ಬಿಡುತ್ತದೆ. ಆಮೇಲೆ ಉಜ್ಜಿ, ಬಿಸಿ ನೀರಿನ ಶಾಖ ಕೊಡಿ.

ಇಷ್ಟರಲ್ಲೇ ಮುಗಿಯುವ ಹಿಡಿತ ಬಹುಪಾಲು ದಣಿವಿನದು. ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಗೊತ್ತು. 1997ರಲ್ಲಿ ಕರಡದಲ್ಲಿ ಶುರುವಾದ ಆ ಪಂದ್ಯಾವಳಿ ಬೇಸಿಗೆಯ ಬಿಸಿಲಿನಲ್ಲೇ ನಡೆಯುತ್ತದೆ. ವರ್ಷವಿಡೀ ಆಫೀಸಿನಲ್ಲಿ ಕೂತವರು ರಜೆ ಹಾಕಿ ಬಂದು ಸ್ಟಿಕ್ ಹಿಡಿಯುತ್ತಾರೆ. ಆಟದ ಕೊನೇ ಹತ್ತು ನಿಮಿಷದಲ್ಲಿ ಒಬ್ಬೊಬ್ಬರೇ ಕಾಲು ಹಿಡಿದು ಕೂರುತ್ತಾರೆ. ಎಲ್ಲರೂ ಒಂದೇ ಬಿಸಿಲಿನಲ್ಲಿ ಬೆವರಿದ್ದರೂ ಕೂರುವುದು ಅಭ್ಯಾಸ ಇಲ್ಲದವರು. ದಣಿದ ಸ್ನಾಯುವಿಗೆ ನರ ಬಿಡದೆ ಸುದ್ದಿ ಕಳಿಸುವುದರಿಂದ ಹಾಗಾಗುತ್ತದೆ. ಅದಕ್ಕೇ ಎಳೆದು ಹಿಡಿದರೆ ಥಟ್ಟನೆ ಬಿಡುತ್ತದೆ. ಬಾಳೆಹಣ್ಣು ಹೊಟ್ಟೆಯಿಂದ ಕಾಲಿಗೆ ತಲುಪುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ.

ಹಾಗಾದರೆ ಖನಿಜದ ಏರುಪೇರು ಅಂತ ಯಾವಾಗ ಅನುಮಾನ ಪಡಬೇಕು? ಹಿಡಿತ ಒಂದೇ ಕಾಲಿನಲ್ಲಿ ನಿಲ್ಲದೆ ಕೈಬೆರಳು, ಹೊಟ್ಟೆ, ದವಡೆಗೂ ಬಂದರೆ. ತುಟಿ ಸುತ್ತ ಜುಮ್ಮೆಂದರೆ, ಕೈ ತಾನಾಗಿ ಮಡಚಿಕೊಂಡರೆ (ಇದು ಕ್ಯಾಲ್ಸಿಯಂ ಇಳಿದ ಲಕ್ಷಣ, ಗಾಬರಿಯಲ್ಲಿ ಜೋರಾಗಿ ಉಸಿರಾಡಿದರೂ ಹೀಗೇ ಆಗುತ್ತದೆ). ನೋವಿಗಿಂತ ಸುಸ್ತು ಜಾಸ್ತಿಯಾಗಿ, ಮೆಟ್ಟಿಲು ಹತ್ತುವಾಗ ತೊಡೆ ಎತ್ತಲಾಗದಿದ್ದರೆ, ಜೊತೆಗೆ ಮಲಬದ್ಧತೆ ಇದ್ದರೆ, ಪೊಟ್ಯಾಸಿಯಂ ಇಳಿದಿರಬಹುದು. ಎದೆ ಒಂದು ಬಡಿತ ತಪ್ಪಿಸಿ ಆಮೇಲೆ ಜೋರಾಗಿ ಹೊಡೆದ ಹಾಗೆ ಅನ್ನಿಸಿದರಂತೂ ತಡ ಮಾಡಬೇಡಿ.

ಮಳೆಗಾಲಕ್ಕೆ ಒಂದು ಮಾತು ಸೇರಿಸಲೇಬೇಕು. ಗದ್ದೆಯಲ್ಲಿ ನಾಟಿ ಮಾಡಿ ಬಂದವರಿಗೆ ಜ್ವರದ ಜೊತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಆದರೆ ಅದನ್ನು ಸ್ನಾಯು ಸೆಳೆತ ಅಂದುಕೊಳ್ಳಬೇಡಿ. ಇಲಿ ಜ್ವರ ಇರಬಹುದು. ಅದು ಕಿಡ್ನಿಗೆ ಹೊಡೆಯುತ್ತದೆ, ಮೂತ್ರದಲ್ಲಿ ಪೊಟ್ಯಾಸಿಯಂ ಸೋರಿ ಹೋಗುವಂತೆಯೂ ಮಾಡುತ್ತದೆ. ಎಣ್ಣೆ ಹಚ್ಚಿ ಮಲಗುವ ಕಾಯಿಲೆ ಅಲ್ಲ ಅದು. ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ

ನನ್ನ ಅನುಭವದಲ್ಲಿ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಊಟಕ್ಕಿಂತ ಮಾತ್ರೆಯೇ ಈ ಲೆಕ್ಕವನ್ನು ಜಾಸ್ತಿ ಕೆಡಿಸುತ್ತದೆ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರನ್ನು ಓದಿ. ಕಣ್ಣು ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್, ಫ್ಯೂರೋಸೆಮೈಡ್, ಟಾರ್ಸೆಮೈಡ್. ಇವು ನೀರು ಹೋಗುವ ಮಾತ್ರೆಗಳು. ನೀರಿನ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತವೆ. ಮೊದಲ ಮೂರು ಸೋಡಿಯಂ ಅನ್ನೂ ಇಳಿಸಬಲ್ಲವು, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಇದ್ದರೆ ಸಾಮಾನ್ಯವಾಗಿ ಇದೇ ಸೇರಿರುತ್ತದೆ. "ನಾನು ಬಿಪಿ ಮಾತ್ರೆ ಒಂದೇ ತಗೊಳ್ಳೋದು" ಅನ್ನುವವರ ಆ ಒಂದೇ ಮಾತ್ರೆಯೊಳಗೆ ಎರಡು ಮದ್ದು ಇರುತ್ತವೆ.

ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್. ಇವು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತವೆ. ಕಿಡ್ನಿ ಸರಿ ಇದ್ದರೆ ತೊಂದರೆ ಕಮ್ಮಿ. ಸಕ್ಕರೆ ಕಾಯಿಲೆ ಹತ್ತು ಹದಿನೈದು ವರ್ಷದಿಂದ ಇದ್ದರೆ ಕಿಡ್ನಿ ಸೋತಿರಬಹುದು, ಎಚ್ಚರ ಬೇಕು.

ಪ್ಯಾಂಟೊಪ್ರಝೋಲ್, ಒಮಿಪ್ರಝೋಲ್. ಗ್ಯಾಸ್ ಮಾತ್ರೆ ಅಂತ ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ನುಂಗುತ್ತೀರಲ್ಲ, ಅವು. ಕೆಲವರಲ್ಲಿ ಮೆಗ್ನೀಸಿಯಂ ಮೆಲ್ಲಗೆ ಇಳಿಸುತ್ತವೆ. ಮೆಗ್ನೀಸಿಯಂ ಇಳಿದರೆ ಕಿಡ್ನಿ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆಗ ಎಷ್ಟು ಪೊಟ್ಯಾಸಿಯಂ ಸಿರಪ್ ಕುಡಿದರೂ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಸಾಲ್ಬುಟಮಾಲ್ ಇನ್ನೊಂದು. ಮಳೆಗಾಲದಲ್ಲಿ ಉಬ್ಬಸ ಜಾಸ್ತಿಯಾಗಿ ಒಂದೇ ರಾತ್ರಿ ಮೂರು ಸಲ ನೆಬುಲೈಸರ್ ಇಟ್ಟರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಮದ್ದು ರಕ್ತದ ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುವುದೂ ಉಂಟು. ಉಸಿರಿಗೆ ಅದು ಬೇಕು, ನಿಲ್ಲಿಸಬೇಡಿ. ಡಾಕ್ಟರಿಗೆ ಎಷ್ಟು ಸಲ ಇಟ್ಟಿರಿ ಅಂತ ಹೇಳಿ.

ಕೊನೆಗೆ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್. ಕರಿಮೆಣಸು ಕೊಯ್ಲಿನಲ್ಲಿ ಇಡೀ ದಿನ ಏಣಿ ಮೇಲೆ ನಿಂತವರು ಕಾಲು ನೋವಿಗೆ ಅಂಗಡಿಯಲ್ಲೇ ಕೇಳಿ ತಿನ್ನುತ್ತಾರೆ. ಕಿಡ್ನಿಗೆ ಹೋಗುವ ರಕ್ತ ಕಮ್ಮಿಯಾಗಿ ಪೊಟ್ಯಾಸಿಯಂ ಏರುತ್ತದೆ. ಟೆಲ್ಮಿಸಾರ್ಟನ್ ಒಂದು ಕಡೆ, ನೀರು ಹೋಗುವ ಮಾತ್ರೆ ಇನ್ನೊಂದು ಕಡೆ, ಮೇಲಿಂದ ನೋವಿನ ಮಾತ್ರೆ. ಈ ಮೂರೂ ಕೂಡಿದರೆ ಕಿಡ್ನಿಗೆ ಮೂರು ಏಟು. ಕಾಲು ನೋವಿಗೆ ಅಂತ ತಿಂದದ್ದೇ ಎದೆಗೆ ಬರುತ್ತದೆ.

ಯಾವ ಮಾತ್ರೆಯನ್ನೂ ಇದನ್ನು ಓದಿ ನಿಲ್ಲಿಸಬೇಡಿ. ಆದರೆ ವಾಂತಿ ಭೇದಿ ಶುರುವಾದ ದಿನ ಫೋನ್ ಮಾಡಿ, "ಇವತ್ತು ಬಿಪಿ ಮಾತ್ರೆ, ನೀರಿನ ಮಾತ್ರೆ ತಗೊಳ್ಲಾ ಬೇಡ್ವಾ?" ಅಂತ ಕೇಳಿ. ಈ ಒಂದು ಫೋನು ಮಾಡುವವರು ತೀರಾ ಕಮ್ಮಿ.

ಮೈಯಿಂದ ಏನು ಹೋಯಿತು, ಲೆಕ್ಕ ಹಾಕಿ

ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ನೀರು ಮತ್ತು ಅಡುಗೆ ಉಪ್ಪು. ಪೊಟ್ಯಾಸಿಯಂ ಹೋಗುವುದು ಚೂರೇ ಚೂರು. ಫೆಬ್ರವರಿ ಬಿಸಿಲಿನಲ್ಲಿ ಕಾಫಿ ಕೊಯ್ದು ಬಂದವರಿಗೆ ಬೇಕಾದದ್ದು ನೀರು, ಉಪ್ಪು ಹಾಕಿದ ಗಂಜಿ, ಮಜ್ಜಿಗೆ. ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆ ಒಣಗಿ ನಿಂತಿದ್ದರೆ ಅದೇ ಹೋದ ಉಪ್ಪು. ನಮ್ಮ ಹಿರಿಯರು ತೋಟಕ್ಕೆ ಗಂಜಿ ಹೊತ್ತುಕೊಂಡು ಹೋಗುತ್ತಿದ್ದುದರಲ್ಲಿ ಅರ್ಥ ಇತ್ತು.

ಉಪ್ಪಿಲ್ಲದ ನೀರನ್ನು ಒಂದೇ ಸಮ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪೇ. ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಬರುತ್ತದೆ. ಬಾಯಾರಿಕೆ ಹೇಳಿದಷ್ಟು ಕುಡಿಯಿರಿ.

ಭೇದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೋಗುತ್ತವೆ. ವಾಂತಿಯಲ್ಲೂ ಕೊನೆಗೆ ಪೊಟ್ಯಾಸಿಯಂಗೇ ಹೊಡೆತ. ಕುಡಿತದ್ದು ಬೇರೆಯೇ ಕಥೆ. ಮದುವೆ ಮನೆಯ ಮಾರನೇ ದಿನ ಎದೆ ಅಡ್ಡಾದಿಡ್ಡಿ ಬಡಿಯುತ್ತಾ ಬರುವವರು ನಮ್ಮಲ್ಲಿ ಅಪರೂಪ ಅಲ್ಲ. ಮದ್ಯ ಮೂತ್ರದಲ್ಲಿ ಮೆಗ್ನೀಸಿಯಂ ಹೊರಗೆ ಹಾಕಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹೃದಯದ ಮೇಲಿನ ಕೋಣೆಗಳ ತಾಳ ತಪ್ಪಿಸುತ್ತದೆ. "ಗ್ಯಾಸ್ ಇರ್ಬೇಕು" ಅಂತ ಮಲಗುವ ಬದಲು ಒಂದು ಇಸಿಜಿ ಮಾಡಿಸಿ.

ಕೊಡಗಿನಲ್ಲಿ ಬೇಸಿಗೆಗಿಂತ ನನಗೆ ಚಿಂತೆ ಜುಲೈ, ಆಗಸ್ಟ್. ಚಳಿ, ಮಳೆ, ಬಾಯಾರಿಕೆಯೇ ಆಗುವುದಿಲ್ಲ. ಬಚ್ಚಲು ಮನೆಯಿಂದ ಆಚೆ ಇರುವ ಕಡೆ ಅಜ್ಜಿಯರು ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆ ನಾಲ್ಕರ ಮೇಲೆ ನೀರೇ ಮುಟ್ಟುವುದಿಲ್ಲ. ನೀರಿನ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಎರಡು ವಾರದಲ್ಲಿ "ಅಜ್ಜಿ ಏನೇನೋ ಮಾತಾಡ್ತಾರೆ" ಅಂತ ಕರೆದುಕೊಂಡು ಬರುತ್ತಾರೆ. ಸೋಡಿಯಂ ನೋಡಿದರೆ 118. ಇರಬೇಕಾದದ್ದು 135ರಿಂದ 145. ಮರೆವಿನ ಕಾಯಿಲೆ ಅಂದುಕೊಂಡಿದ್ದ ಮನೆಯವರು ಹತ್ತು ದಿನ ಬಿಟ್ಟು ಅದೇ ಅಜ್ಜಿ ಗದರಿಸುವುದನ್ನು ಕೇಳಿ ಖುಷಿಪಡುತ್ತಾರೆ. ನೀರು ಮುಟ್ಟದ ಅಜ್ಜಿಯರಿಗೆ ಹೀಗಾಗುವ ಮೊದಲೇ ಬೆಲ್ಲದ ಕಾಫಿ ಕೊಡಿ, ಸಾರು ಕೊಡಿ. ಕಾಫಿ ನೀರು ಒಣಗಿಸುತ್ತದೆ ಅನ್ನೋದು ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಿಗೆ ಅನ್ವಯಿಸುವುದಿಲ್ಲ. ಅದೂ ನೀರೇ. ಹೃದಯ ಸೋತು ಡಾಕ್ಟರು ನೀರಿಗೆ ಮಿತಿ ಹೇಳಿದ್ದರೆ ಮಾತ್ರ ಆ ಮಿತಿ ಮೀರಬೇಡಿ.

ನೀರು ಸಾಕಾ ಅಂತ ನೋಡಲು ಮೂತ್ರದ ಬಣ್ಣ ನೋಡಿ. ತೆಳು ಹಳದಿ ಇದ್ದರೆ ಸಾಕು. ಕಡು ಚಹಾದ ಬಣ್ಣ ಬಂದರೆ ಸಾಲದು. ಈ ಪರೀಕ್ಷೆ ನಮ್ಮೂರಲ್ಲಿ ವರ್ಷಕ್ಕೊಂದು ದಿನ ಕೈಕೊಡುತ್ತದೆ. ಆಗಸ್ಟ್ 3ರ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಕೊಡಗಿನವರು ನಗುತ್ತಾರೆ, ಹೊರಗಿಂದ ಮದುವೆಯಾಗಿ ಬಂದ ಸೊಸೆಯಂದಿರು ಗಾಬರಿಯಿಂದ ಬಾಟಲಿ ಹಿಡಿದು ನಮ್ಮ ಲ್ಯಾಬ್‌ಗೆ ಬರುತ್ತಾರೆ. ಆದರೆ ಭಾರೀ ಕೆಲಸ ಮಾಡಿ ಮೈಕೈ ಬಿಗಿದು ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಅದು ಸೊಪ್ಪಲ್ಲ. ಸ್ನಾಯು ಒಡೆದು ಕಿಡ್ನಿಗೆ ಇಳಿಯುತ್ತಿದೆ. ತಕ್ಷಣ ಹೊರಡಿ.

ರಕ್ತ ಕೊಡುವುದು ಹೇಗೆ

ಇದು ನನ್ನ ಜಾಗ, ಸ್ವಲ್ಪ ಉದ್ದ ಹೇಳುತ್ತೇನೆ.

ಒಂದು ಜುಲೈನಲ್ಲಿ ನಡೆದದ್ದು. ದೂರದ ತೋಟದ ಮನೆಯಿಂದ ಒಬ್ಬ ಅಜ್ಜನ ರಕ್ತ ತರಿಸಿದ್ದೆವು. ಮರ ಬಿದ್ದು ದಾರಿ ಬಂದ್, ಹುಡುಗ ತಲುಪಿದಾಗ ರಾತ್ರಿ. ಕರೆಂಟಿಲ್ಲ. ಬೆಳಿಗ್ಗೆ ಮಾಡಿದರಾಯಿತು ಅಂತ ಟ್ಯೂಬನ್ನು ಹಾಗೇ ಐಸ್ ಪೆಟ್ಟಿಗೆಯಲ್ಲಿಟ್ಟು ಹೋದೆ. ಹಾಳಾಗದಿರಲಿ ಅಂತ ತಣ್ಣಗಿಟ್ಟದ್ದು. ಬೆಳಿಗ್ಗೆ ಪೊಟ್ಯಾಸಿಯಂ 6.8! ಎದೆ ನಿಲ್ಲುವ ಅಂಕಿ. ಕೈ ನಡುಗಿತು. ಫೋನ್ ಮಾಡಿದರೆ ಅಜ್ಜ ಕಡಂಬುಟ್ಟು ತಿನ್ನುತ್ತಾ ಕೂತಿದ್ದಾರೆ. ಡಾಕ್ಟರು ಇಸಿಜಿ ಮಾಡಿಸಿದರು, ಸರಿಯಾಗೇ ಇತ್ತು. ಹೊಸದಾಗಿ ರಕ್ತ ತೆಗೆದು ಆಗಲೇ ನೋಡಿದೆ, 4.3.

ತಪ್ಪು ನನ್ನದೇ. ಮೇಲೆ ಹೇಳಿದ ಪಂಪು ನೆನಪಿದೆಯಲ್ಲ, ಅದು ಚಳಿಗೆ ನಿಲ್ಲುತ್ತದೆ. ಕೆಂಪು ಕಣಗಳ ಒಳಗಿದ್ದ ಪೊಟ್ಯಾಸಿಯಂ ರಾತ್ರಿಯಿಡೀ ಹೊರಗೆ ಸೋರಿತ್ತು. ಕಣ ಒಡೆದಿರಲಿಲ್ಲ, ಹಾಗಾಗಿ ಮೇಲಿನ ನೀರು ತಿಳಿ ಹಳದಿಯಾಗೇ ಇತ್ತು, ನನಗೆ ಅನುಮಾನವೇ ಬರಲಿಲ್ಲ. ಕಣ ಒಡೆದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಸೂಜಿಯಲ್ಲಿ ಜಗ್ಗಿ ಎಳೆದರೆ, ಟ್ಯೂಬ್ ಕುಲುಕಿದರೆ ಹಾಗಾಗುತ್ತದೆ.

ಹಾಗಾಗಿ ನೀವು ಮಾಡಬೇಕಾದದ್ದು: ಪೊಟ್ಯಾಸಿಯಂ ನೋಡಿಸುವುದಿದ್ದರೆ ಮನೆಗೆ ಕರೆಸುವ ಬದಲು ಆದಷ್ಟು ಲ್ಯಾಬ್‌ಗೇ ಬನ್ನಿ. ಎರಡು ಗಂಟೆಯೊಳಗೆ ಕಣ ಬೇರೆ ಮಾಡಬೇಕು. ರಬ್ಬರ್ ಪಟ್ಟಿ ಕಟ್ಟಿದ ಮೇಲೆ ಮುಷ್ಟಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಬೇಡಿ. ರಕ್ತನಾಳ ಕಾಣಲಿ ಅಂತ ನಾವೇ ಹೇಳುತ್ತೇವೆ, ಆದರೆ ಅದರಿಂದಲೇ ಅಂಕಿ ಒಂದರಷ್ಟು ಏರಬಹುದು. ಒಂದೇ ಸಲ ಹಿಡಿದು ಸುಮ್ನೆ ಇರಿ. ನೇರಳೆ ಮುಚ್ಚಳದ ಟ್ಯೂಬಿಗೆ ಹಾಕಿದ ರಕ್ತವನ್ನು ಇನ್ನೊಂದಕ್ಕೆ ಸುರಿಯುವುದನ್ನು ಕಂಡರೆ ತಡೆಯಿರಿ. ನೇರಳೆ ಟ್ಯೂಬಿನ ಒಳಗೆ ಹಚ್ಚಿರುವ ಪುಡಿಯಲ್ಲೇ ಪೊಟ್ಯಾಸಿಯಂ ಇದೆ. ಕ್ಯಾಲ್ಸಿಯಂ ಅನ್ನೂ ಅದು ಹಿಡಿದುಬಿಡುತ್ತದೆ.

ಏನೇನು ಕೇಳಬೇಕು? "ಎಲೆಕ್ಟ್ರೋಲೈಟ್ಸ್" ಅಂದರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೂರೇ ಬರುತ್ತವೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇರೆ ಬರೆಸಬೇಕು. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಜೊತೆಯಲ್ಲೇ ಬೇಕು, ಅದಿಲ್ಲದೆ ಪೊಟ್ಯಾಸಿಯಂ ಅಂಕಿಗೆ ಅರ್ಥವಿಲ್ಲ. ಕ್ಯಾಲ್ಸಿಯಂ ಜೊತೆ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ನೋಡಬೇಕು.

ಪೊಟ್ಯಾಸಿಯಂ 3.5ರಿಂದ 5ರ ಒಳಗಿದ್ದರೆ ಸರಿ. ಕ್ಯಾಲ್ಸಿಯಂ ಸುಮಾರು 8.5ರಿಂದ 10.5. ಮೆಗ್ನೀಸಿಯಂ 1.7ರಿಂದ 2.2. ಮೆಗ್ನೀಸಿಯಂ ವಿಚಾರದಲ್ಲಿ ಒಂದು ತೊಡಕಿದೆ. ಮೈಯಲ್ಲಿರುವ ಒಟ್ಟು ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದಕ್ಕಿಂತ ಕಮ್ಮಿ. ಅಂಕಿ ಸರಿ ಇದ್ದರೂ ಒಳಗೆ ಕೊರತೆ ಇರಬಹುದು. ಅಂಥ ಕಡೆ ಡಾಕ್ಟರು ಅಂಕಿಗಿಂತ ನಿಮ್ಮ ಮಾತ್ರೆ ಪಟ್ಟಿ, ಕುಡಿತ, ಭೇದಿ ನೋಡಿ ತೀರ್ಮಾನ ಮಾಡುತ್ತಾರೆ. ಪೊಟ್ಯಾಸಿಯಂ 2.8ರ ಕೆಳಗೆ ಅಥವಾ 6ರ ಮೇಲೆ ಬಂದರೆ ನಾನು ರಿಪೋರ್ಟ್ ಪ್ರಿಂಟ್ ಆಗುವವರೆಗೆ ಕಾಯುವುದಿಲ್ಲ, ಫೋನ್ ಹಿಡಿಯುತ್ತೇನೆ. ನಿಮ್ಮ ಸರಿಯಾದ ನಂಬರ್ ಬರೆಸಿ ಹೋಗಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪಕ್ಕದ ಮನೆಯವರದ್ದಾದರೂ ಕೊಡಿ.

ಜೊತೆಗೆ ಇಸಿಜಿ. ಪೊಟ್ಯಾಸಿಯಂ ಏರಿದರೆ ಅದರ ಒಂದು ಅಲೆ ಡೇರೆಯ ಹಾಗೆ ಚೂಪಾಗಿ ಎದ್ದು ನಿಲ್ಲುತ್ತದೆ. ಇಳಿದರೆ ಚಪ್ಪಟೆಯಾಗುತ್ತದೆ. ಏರಿದ ಪೊಟ್ಯಾಸಿಯಂಗೆ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಅದೇ ಹೆದರಿಕೆ.

ಏನು ಕುಡಿಯಬೇಕು

ಭೇದಿಗೆ ಓಆರ್‌ಎಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಗ್ಲೂಕೋಸ್ 13.5 ಗ್ರಾಂ ಇರಬೇಕು. ಇಡೀ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಲೋಟಕ್ಕೆ ಅರ್ಧ ಪ್ಯಾಕೆಟ್ ಸುರಿದರೆ ಭೇದಿ ಜಾಸ್ತಿಯಾಗುತ್ತದೆ. ತೋಡಿನ ನೀರಾದರೆ ಕುದಿಸಿ ಆರಿಸಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಈ ಲೆಕ್ಕಕ್ಕೆ ಹೊಂದದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಮಾಡಿತು.

ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ತಲೆ ಸವರಿದ್ದು. ರುಚಿ ಕಣ್ಣೀರಿಗಿಂತ ಉಪ್ಪಾಗಬಾರದು. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಹಾಗಾಗಿ ಕಿಡ್ನಿ ಸರಿ ಇರುವವರು ಜೊತೆಗೊಂದು ಬಾಳೆಹಣ್ಣು ತಿನ್ನಬಹುದು. ಎಳನೀರು ಇದಕ್ಕೆ ಬದಲಿ ಆಗುವುದಿಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ.

"ಸುಸ್ತು, ಒಂದು ಬಾಟ್ಲಿ ಹಾಕ್ಸಿ" ಅನ್ನುವವರಿಗೆ ಒಂದು ಲೆಕ್ಕ. ಅರ್ಧ ಲೀಟರ್ ಸಲೈನ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪಿದೆ. ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಅದರಲ್ಲಿ ಸೊನ್ನೆ. ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಷ್ಟೇ. ಪೊಟ್ಯಾಸಿಯಂ ಮೊದಲೇ ಇಳಿದಿದ್ದರೆ ಆ ಸಕ್ಕರೆ ಅದನ್ನು ಕೋಶದೊಳಗೆ ಎಳೆದು ಇನ್ನಷ್ಟು ಇಳಿಸುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಸುಮ್ನೆ ಬಾಟಲಿ ಹಾಕಿಸಿಕೊಳ್ಳಬೇಡಿ.

ಊಟ: ಕಿಡ್ನಿ ಕೇಳಿ ತಿನ್ನಿ

ಕ್ರಿಯಾಟಿನಿನ್ ಸರಿ ಇದ್ದು, ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆ ಇಲ್ಲದಿದ್ದರೆ, ನಿಮಗೆ ಕೊಡಗೇ ದೊಡ್ಡ ಔಷಧಿ ಅಂಗಡಿ. ಬಟರ್ ಫ್ರೂಟ್, ಹಲಸು, ನೇಂದ್ರ ಬಾಳೆ, ಕಿತ್ತಳೆ, ಸೊಪ್ಪು, ಕಾಳು. ಬಟರ್ ಫ್ರೂಟಿನಲ್ಲಿ ತೂಕಕ್ಕೆ ತೂಕ ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಸಿಯಂ ಇದೆ, ಆದರೂ ಮಳೆಗಾಲದಲ್ಲಿ ತೋಟದಲ್ಲಿ ಬಿದ್ದು ಕೊಳೆಯುತ್ತಿರುತ್ತದೆ. ಕ್ಯಾಲ್ಸಿಯಂಗೆ ಹಾಲು, ಮೊಸರು, ರಾಗಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು. ಮೆಗ್ನೀಸಿಯಂಗೆ ಕಾಳು, ಕುಂಬಳ ಬೀಜ, ಕಡಲೆಕಾಯಿ. ರಾತ್ರಿ ಕಾಲು ಹಿಡಿಯುವುದಕ್ಕೆ ಮೆಗ್ನೀಸಿಯಂ ಮಾತ್ರೆ ಕೊಳ್ಳುವವರು ಬಹಳ. ವಯಸ್ಸಾದವರ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ. ಭೇದಿ ಮಾತ್ರ ಖಾತ್ರಿ. ಕಿಡ್ನಿ ಸೋತವರಿಗೆ ಅಪಾಯ ಕೂಡ.

ಉಪ್ಪು ಕಮ್ಮಿ ಮಾಡುವುದಾದರೆ ಉಪ್ಪಿನಕಾಯಿ, ಒಣಮೀನು, ಹಂದಿ ಉಪ್ಪಿನಕಾಯಿಯಿಂದ ಶುರು ಮಾಡಿ. ಪಂದಿ ಕರಿಗೆ ಕಾಚಂಪುಳಿ (ನಮ್ಮ ಕಪ್ಪು ಹುಳಿರಸ) ಒಂದು ಹನಿ ಜಾಸ್ತಿ ಬಿಟ್ಟರೆ ಉಪ್ಪು ಕಮ್ಮಿಯಾದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ, ನಮ್ಮ ಮನೆಯಲ್ಲಿ ನಡೆದುಕೊಂಡು ಬಂದಿದೆ.

ಕಿಡ್ನಿ ಸೋತವರಿಗೆ ಮೇಲಿನ ಪಟ್ಟಿಯೇ ತಲೆಕೆಳಗು. ಎಳನೀರು, ಬಟರ್ ಫ್ರೂಟ್, ಹಲಸು, ಬಾಳೆ, ಕಿತ್ತಳೆ ಜ್ಯೂಸ್ ಡಾಕ್ಟರನ್ನು ಕೇಳಿಯೇ. ಕಮರಾಕ್ಷಿ, ಸ್ಟಾರ್ ಫ್ರೂಟ್ ಅನ್ನುತ್ತೇವಲ್ಲ, ಅದನ್ನು ಮುಟ್ಟಲೇಬೇಡಿ. ಅದರ ವಿಷ ಸೋತ ಕಿಡ್ನಿಯಿಂದ ಹೊರಗೆ ಹೋಗದೆ ತಲೆಗೇರುತ್ತದೆ. ತರಕಾರಿಯನ್ನು ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ. ಬೈಂಬಳೆಯನ್ನು, ಅಂದರೆ ಎಳೆ ಬಿದಿರಿನ ಕಣಿಲೆಯನ್ನು, ನಾವು ಹೇಗೂ ನೀರು ಬದಲಿಸಿ ಬದಲಿಸಿ ನೆನೆಹಾಕುತ್ತೇವೆ. ಅದೇ ಉಪಾಯ ಇಲ್ಲೂ ಪೊಟ್ಯಾಸಿಯಂ ಇಳಿಸುತ್ತದೆ.

ಅಂಗಡಿಯ "ಲೋ ಸೋಡಿಯಂ" ಉಪ್ಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಆರೋಗ್ಯವಾಗಿರುವ ದೊಡ್ಡವರಿಗೆ ಒಳ್ಳೆಯದೇ, 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೇ ಹೇಳಿತು. ಆದರೆ ಕಿಡ್ನಿ ತೊಂದರೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ಒಂದೇ ಅಡುಗೆಮನೆಯಲ್ಲಿ ಮಗನ ಬಿಪಿಗೆ ಅಂತ ತಂದ ಉಪ್ಪು ಅಪ್ಪನ ಸಾರಿಗೂ ಬೀಳುತ್ತದೆ, ನೆನಪಿರಲಿ.

ಕಾಯಬಾರದ ಹೊತ್ತು

ಎದೆ ಅಡ್ಡಾದಿಡ್ಡಿ ಬಡಿಯುತ್ತಾ ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆನೋವು ಅಥವಾ ಏದುಸಿರು ಜೊತೆಗಿದ್ದರೆ, ಕೈಕಾಲಿನ ಬಲ ಗಂಟೆಗಂಟೆಗೂ ಇಳಿಯುತ್ತಾ ಬಂದರೆ, ಮಾತು ತೊದಲಿ ಮಂಕಾದರೆ, ಫಿಟ್ಸ್ ಬಂದರೆ, ಮೂತ್ರ ನಿಂತರೆ, ಲ್ಯಾಬ್ ತೆರೆಯುವುದನ್ನು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಗಾಡಿ ಬರುವುದು ತಡ ಅನ್ನಿಸಿದರೆ ಜೀಪೋ ಪಿಕಪ್ಪೋ ಹಿಡಿದು ಮುಖ್ಯ ರಸ್ತೆಗೆ ತಂದು ಸೇರಿಸಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ನೇರ ಮೈಸೂರಿಗೆ ಅಂತ ಹೊರಟು ದಾರಿಯಲ್ಲಿ ಎರಡು ಮೂರು ಗಂಟೆ ಕಳೆಯಬೇಡಿ. ಏರಿದ ಪೊಟ್ಯಾಸಿಯಂಗೆ ಮೊದಲು ಕೊಡುವ ಕ್ಯಾಲ್ಸಿಯಂ ಇಂಜೆಕ್ಷನ್ ಕೆಲವೇ ನಿಮಿಷದಲ್ಲಿ ಹೃದಯಕ್ಕೆ ರಕ್ಷಣೆ ಕೊಡುತ್ತದೆ, ಅದಕ್ಕೆ ಮೈಸೂರು ಬೇಕಿಲ್ಲ.

ಹೊರಡುವಾಗ ಮೇಜಿನ ಮೇಲೆ ಸುರಿದ ಆ ಸ್ಟ್ರಿಪ್‌ಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಹಳೇ ರಿಪೋರ್ಟ್ ಮಡಚಿ ಅದರೊಳಗಿಟ್ಟು ಬಾಯಿ ಗಂಟು ಕಟ್ಟಿ. ನಮ್ಮ ಮಳೆಗೆ ಒದ್ದೆಯಾದ ರಿಪೋರ್ಟ್ ಓದಲು ಬರುವುದಿಲ್ಲ.